ಹೊಟ್ಟು ಕುಟ್ಟಿದ ಮನೋಹರ

ಮನೋಹರನ ಅಂದಿನ ಕಷ್ಟಗಳಿಗೆಲ್ಲ ಕಾರಣವಾದದ್ದು ಅರ್ಧ ಬೋಗಾಣಿ ಗಂಜಿ. ಕುಡಿಯುವ ಗಂಜಿಯಲ್ಲ, ನೂಲಿಗೆ ಹಾಕುವ ಗಂಜಿ. ಬೆಟಗೇರಿಯ ನೇಕಾರರ ಓಣಿಯಲ್ಲಿ ಜೋಳದ ಹಿಟ್ಟು ಕುದಿಸಿ ಮಾಡಿದ ಈ ಗಂಜಿಯನ್ನು ಹಾಸಿನ ನೂಲಿಗೆ ಸವರದೆ ಯಾರೂ ಮಗ್ಗಕ್ಕೆ ಏರಿಸುವುದಿಲ್ಲ. ಏರಿಸಿದರೆ ಲಾಳಿ ನಾಲ್ಕು ಸಲ ಓಡುವುದರೊಳಗೆ ನೂಲು ಹರಿದು ಕೈಗೆ ಬರುತ್ತದೆ. ಮನೋಹರನ ತಾಯಿ ಅಂಬವ್ವ ಐವತ್ತು ವರ್ಷ ಈ ಗಂಜಿ ಕಾಯಿಸಿದವಳು. ಈಗಲೂ ಓಣಿಯ ನಾಲ್ಕು ಮಗ್ಗಗಳಿಗೆ ಅವಳೇ ಕಾಯಿಸಿ ಕೊಡುತ್ತಾಳೆ. ಗಂಜಿ ಒಂದಿದ್ದರೆ ಜಗತ್ತಿನಲ್ಲಿ ಯಾವುದೂ ಹರಿಯುವುದಿಲ್ಲ, ಬಿರಿಯುವುದಿಲ್ಲ ಎಂಬುದು ಅವಳ ನಂಬಿಕೆ. ಸೊಸೆ ರೋಹಿಣಿಯ ಮಾರ್ಕ್ಸ್ ಕಾರ್ಡು ಹರಿದಾಗಲೂ ಅದಕ್ಕೆ ಗಂಜಿ ಹಚ್ಚಿಯೇ ಅಂಟಿಸಿದ್ದಳು. ಆಮೇಲೆ ಅದನ್ನು ಇರುವೆ ತಿಂದವು, ಅದು ಬೇರೆ ಮಾತು.

ಮಗ ಮಾತ್ರ ಒಂದು ವರ್ಷದ ಹಿಂದೆ ಮಗ್ಗವನ್ನೇ ಬಿಚ್ಚಿ ಅಟ್ಟಕ್ಕೆ ಹಾಕಿದ್ದ. ಮಗ್ಗದ ಕುಣಿಗೆ ಮಣ್ಣು ತುಂಬಿ, ಮೇಲೆ ಸಿಮೆಂಟು ಬಳಿದು, ಅಲ್ಲಿ ಬ್ರಿಕೆಟ್ ಮಷೀನು ಕೂರಿಸಿದ್ದ. ಸಾಮಿಲ್ಲಿನವರು ಬೇಡವೆಂದು ಗುಡ್ಡೆ ಹಾಕಿದ ಕಟ್ಟಿಗೆ ಹೊಟ್ಟನ್ನು ತಂದು ಅದರ ಬಾಯಿಗೆ ಸುರಿದರೆ, ಒಳಗಿನ ತಿರುಪು ಹೊಟ್ಟನ್ನು ಕಾದ ಕಬ್ಬಿಣದ ಕೊಳವೆಯೊಳಗೆ ಒತ್ತುತ್ತದೆ. ಆಚೆ ತುದಿಯಿಂದ ಒನಕೆಯ ತುಂಡಿನಂಥ ಗಟ್ಟಿ ಉರುವಲು ಹೊರಗೆ ಬರುತ್ತದೆ. ಅಂಟು ಬೇಡ, ಗಂಜಿ ಬೇಡ. ಕಾವಿಗೂ ಒತ್ತಡಕ್ಕೂ ಹೊಟ್ಟು ತನ್ನಷ್ಟಕ್ಕೆ ತಾನೇ ಬೆಸೆದುಕೊಳ್ಳುತ್ತದೆ. ಇದನ್ನು ಮನೋಹರ ಓಣಿಯ ಪ್ರತಿಯೊಬ್ಬರಿಗೂ ಎರಡೆರಡು ಸಲ ವಿವರಿಸಿದ್ದ. ಅವರು ಗಂಭೀರವಾಗಿ ತಲೆಯಾಡಿಸಿ, ಅವನು ಆಚೆ ಹೋದ ಮೇಲೆ, "ತೌಡು ಕುಟ್ಟಾವ್ರನ್ನ ಕೇಳಿದ್ವಿ, ಹೊಟ್ಟು ಕುಟ್ಟಾವನ್ನ ಈಗ ನೋಡಿದ್ವಿ" ಎಂದು ನಗುತ್ತಿದ್ದರು.

ಅಂಬವ್ವ ನಗಲಿಲ್ಲ, ಬೈಯಲೂ ಇಲ್ಲ. ಗಡುವು ಕೊಟ್ಟಳು.

"ಒಂದ ವರ್ಷ ನೋಡು. ಉಗಾದಿ ಒಳಗ ಕಾಯಂ ಗಿರಾಕಿ ಒಬ್ಬಾಂವ ಸಿಕ್ರ ಮಷೀನು ಇರ್ಲಿ. ಸಿಗಲಿಲ್ಲಂದ್ರ ಅದನ್ನ ಹೊರಗ ಹಾಕು, ಕುಣಿ ತೋಡು, ಮಗ್ಗ ಇಳಸು."

ಮನೋಹರ ಒಪ್ಪಿದ್ದ. ಆಗ ಒಂದು ವರ್ಷವೆಂದರೆ ಬಹಳ ದೂರ ಕಂಡಿತ್ತು. ಈಗ ಯುಗಾದಿಗೆ ನಾಲ್ಕೇ ದಿನ ಉಳಿದಿತ್ತು. ಒಂದೆರಡು ಧಾಬಾದವರು ಆಗಾಗ ಒಂದೊಂದು ಚೀಲ ಒಯ್ದದ್ದು ಬಿಟ್ಟರೆ ಕಾಯಂ ಎನ್ನುವ ಗಿರಾಕಿ ಒಬ್ಬನೂ ಇರಲಿಲ್ಲ. ಮಷೀನಿನ ಮೇಲೆ ಅವನಿಗೆ ಎಂಥ ಅಕ್ಕರೆಯೆಂದರೆ, ದಸರೆಗೆ ಹೆಂಡತಿಗೆ ಸೀರೆ ತರುವುದು ಮರೆತು ಅದಕ್ಕೆ ಹಸಿರು ಬಣ್ಣ ಹೊಡೆಸಿದ್ದ. ಅದು ಮನೆಯಿಂದ ಹೊರಗೆ ಹೋಗುತ್ತದೆಂದು ನೆನೆದಾಗಲೆಲ್ಲ ಅವನು ಎದ್ದು ಹೋಗಿ ಅದನ್ನು ಇನ್ನೊಮ್ಮೆ ಒರೆಸಿ ಬರುತ್ತಿದ್ದ.

ಅಂಥ ಹೊತ್ತಿನಲ್ಲಿ, ಬೆಳಿಗ್ಗೆ ಎಂಟಕ್ಕೆ, ಲಕ್ಷ್ಮೇಶ್ವರದಿಂದ ಚನ್ನಬಸವಣ್ಣನ ಫೋನು ಬಂತು. ಚನ್ನಬಸವಣ್ಣನದು ಚುರುಮುರಿ, ಅಂದರೆ ಮಂಡಕ್ಕಿ, ಹುರಿಯುವ ಭಟ್ಟಿ. ನಸುಕಿನಿಂದ ಮಧ್ಯಾಹ್ನದವರೆಗೆ ಅಲ್ಲಿ ಉರಿ ಆರುವಂತಿಲ್ಲ. ಮನೋಹರ ಮೂರು ತಿಂಗಳಿಂದ ಅವನ ಬೆನ್ನು ಹತ್ತಿದ್ದ.

"ಇವತ್ತ ಗದಗಿಗೆ ಬರಾವದೀನ್ರಿ. ನಾಕಕ್ಕ ನಿಮ್ಮಲ್ಲಿ ಬಂದು ಮಷೀನು ನಡಿಯೂದು ಕಣ್ಣಾರೆ ನೋಡ್ತೀನಿ. ಮನಸಿಗೆ ಬಂತಂದ್ರ ವರ್ಷಪೂರ್ತಿ ನಿಮ್ಮದ ಮಾಲು. ಬರಲಿಲ್ಲಂದ್ರ ಹುಬ್ಬಳ್ಳಿಯಾಂವಗ ಹೂಂ ಅಂದಬಿಡ್ತೀನಿ, ಆಮ್ಯಾಲ ಬ್ಯಾಸರ ಮಾಡ್ಕೋಬ್ಯಾಡ್ರಿ."

ಮನೋಹರ ಫೋನಿಗೇ ಕೈ ಮುಗಿದ. ಆಮೇಲೆ ಸ್ನಾನಕ್ಕೆ ಓಡಿದ.

ಪಡಸಾಲೆಯಲ್ಲಿ ಕೂತಿದ್ದ ಅಂಬವ್ವನ ಕಿವಿಗೆ ಎಲ್ಲವೂ ಬಿದ್ದಿತ್ತು. ಗಡುವು ಕೊಟ್ಟವಳು ಅವಳೇ ಆದರೂ ಮಗ ಸೋಲಲಿ ಎಂದು ಯಾವ ತಾಯಿ ಬಯಸುತ್ತಾಳೆ? ದೊಡ್ಡ ಗಿರಾಕಿ ಬರುತ್ತಾನೆ. ಅವನೆದುರು ಮಾಲು ಬಿರಿಯಬಾರದು. ಒಲೆಯ ಬದಿಗೆ ನಿನ್ನೆಯ ಗಂಜಿ ಅರ್ಧ ಬೋಗಾಣಿ ಉಳಿದಿತ್ತು. ಮನೋಹರ ವಾರವಿಡೀ ಮಾಳಿಗೆಯ ಮೇಲೆ ಒಣಗಿಸಿ, ಜರಡಿ ಹಿಡಿದು, ತಾಡಪತ್ರಿಯ ಮೇಲೆ ಹರವಿಟ್ಟಿದ್ದ ಹೊಟ್ಟಿಗೆ ಅವಳು ಆ ಗಂಜಿಯನ್ನು ನೀರು ಬೆರೆಸಿ ಸುರಿದು, ರೊಟ್ಟಿ ಹಿಟ್ಟು ನಾದುವಂತೆ ಎರಡೂ ಕೈಯಿಂದ ಕಲಸಿ, ಕೈ ತೊಳೆದುಕೊಂಡು ಬಂದು ಕೂತಳು. ಉಪಕಾರ ಮಾಡಿದ್ದನ್ನು ಹೇಳಿಕೊಂಡು ತಿರುಗುವ ಸ್ವಭಾವ ಅವಳದಲ್ಲ.

ಒಂಬತ್ತೂವರೆಗೆ ಕೊಳವೆ ಕಾದು ಮಷೀನು ಸಜ್ಜಾಯಿತು. ಗಿರಾಕಿ ಬರುವ ಮೊದಲು ಒಮ್ಮೆ ನಡೆಸಿ ನೋಡೋಣವೆಂದು ಮನೋಹರ ಕೊಳವೆಯ ತುದಿಗೆ ನಿಂತ. ರೋಹಿಣಿ ಬುಟ್ಟಿಯಿಂದ ಹೊಟ್ಟು ಸುರಿದಳು.

"ಏನ್ರಿ, ಇದ್ಯಾಕೋ ಕೈಗೆ ಹತ್ತಾಕತ್ತೇತಿ" ಎಂದಳು.

"ಸುರಿ ಸುರಿ, ಬೆವರಿರಬೇಕು ನಿನ್ನ ಕೈ."

ಮಷೀನು ಗೊರಗೊರ ಎಂದಿತು. ಒಮ್ಮೆ ಕೆಮ್ಮಿತು. ಕೊಳವೆಯ ಬಾಯಿಂದ ಬಿಳಿ ಉಗಿ ಎದ್ದಿತು. ಮುಂದಿನ ಕ್ಷಣ 'ಢಂ' ಎಂಬ ಸಪ್ಪಳಕ್ಕೆ ಜಂತಿಯ ಧೂಳೆಲ್ಲ ಕೆಳಗೆ ಉದುರಿತು. ಮನೋಹರ ಕಣ್ಣು ಬಿಟ್ಟಾಗ ತಾನು ನೆಲದ ಮೇಲೆ ಕೂತಿದ್ದ. ಎದುರಿನ ಕಿಟಕಿಯಿಂದ ಒಂದು ಮೊಳದ ತುಂಡು ಹಾರಿ ಹೋಗಿತ್ತು.

ಅದು ಎಲ್ಲಿ ಬಿತ್ತೆಂದು ಹುಡುಕುವ ಅಗತ್ಯ ಬೀಳಲಿಲ್ಲ. ಪಕ್ಕದ ಮನೆಯ ಮಾಳವ್ವ ಅದನ್ನು ಸೆರಗಿನಲ್ಲಿ ಹಿಡಿದುಕೊಂಡು ಬಂದಳು. ಅವಳ ಹಿಂದೆ ಅರ್ಧ ಓಣಿ ಬಂತು.

"ಏ ಮನೋಹರಾ, ಇದೇನೋ? ನಾ ತಗಡಿನ ಮ್ಯಾಲ ಸಂಡಿಗಿ ಹಾಕಾಕತ್ತಿದ್ದೆ, ದೆವ್ವ ಬಂದಂಗ ಬಂದು ಬಿತ್ತು. ಸಂಡಿಗಿ ಎಲ್ಲಾ ಪುಡಿಪುಡಿ! ಒಂದ ಗೇಣ ಈಚಿಗೆ ಬಿದ್ದಿದ್ರ ನನ್ನ ತಲಿ ಪುಡಿ ಆಕ್ಕಿತ್ತು."

"ತಪ್ಪಾತು ಮಾಳವ್ವಕ್ಕ. ಯಾಕ ಹಿಂಗಾತೋ ನನಗೂ ತಿಳೀವಲ್ದು."

"ನನಗ ತಿಳದೈತಿ" ಎಂದು ಒಂದು ದನಿ ಮುಂದೆ ಬಂತು. ಅದು ಕಳಕೇಶನದು. ಕಳಕೇಶ ನಿವೃತ್ತ ಲೈನ್‌ಮನ್. ಜಗತ್ತಿನ ಎಲ್ಲ ತೊಂದರೆಗೂ ಕರೆಂಟೇ ಮೂಲ ಎನ್ನುವವನು. ಓಣಿಯಲ್ಲಿ ಗಂಡ ಹೆಂಡಿರು ಜಗಳವಾಡಿದರೂ ಒಮ್ಮೆ ಮೀಟರ್ ನೋಡಿ ಹೋಗುತ್ತಿದ್ದ. "ಇದು ವೋಲ್ಟೇಜಿನ ಆಟ. ಹೆಚ್ಚು ಕಮ್ಮಿ ಆದ್ರ ಹಿಂಗ ಸಿಡೀತಾವ. ಇನ್ನೊಮ್ಮೆ ಚಾಲೂ ಮಾಡು, ನಾ ಮುಂದ ನಿಂತು ನೋಡ್ತೀನಿ."

"ಬ್ಯಾಡ ಕಾಕಾ."

"ಏ, ಮೂವತ್ತ ವರ್ಷ ಕಂಬದ ಮ್ಯಾಲ ಕಳದೇನಿ ನಾನು!" ಎನ್ನುತ್ತ ಕಳಕೇಶ ತಾನೇ ಸ್ವಿಚ್ ಒತ್ತಿದ. ಎರಡನೇ 'ಢಂ' ಮೊದಲನೆಯದಕ್ಕಿಂತ ಜೋರಾಗಿತ್ತು. ಹೊಗೆ ಸರಿದಾಗ ಮೂವತ್ತು ವರ್ಷದ ಅನುಭವ ಮಾಳವ್ವನ ಬೆನ್ನ ಹಿಂದೆ ಕೂತಿತ್ತು.

ಮನೋಹರ ಮಷೀನು ಬಂದ್ ಮಾಡಿ ಹೊಟ್ಟಿನ ರಾಶಿಗೆ ಕೈ ಹಾಕಿದ. ಕೈ ಅಲ್ಲೇ ಹಿಡಿದುಕೊಂಡಿತು. ಮೂಗಿಗೆ ತಂದು ನೋಡಿದ. ಹುಟ್ಟಿದಾಗಿನಿಂದ ಗೊತ್ತಿದ್ದ ವಾಸನೆ.

"ಯವ್ವಾ! ಹೊಟ್ಟಿನ್ಯಾಗ ಏನ ಹಾಕೀ?"

"ಗಂಜಿ" ಎಂದಳು ಅಂಬವ್ವ, ಬಾಗಿಲಲ್ಲೇ ನಿಂತು.

"ಯಾಕ?"

"ಯಾಕಂದ್ರ? ಗಂಜಿ ಇಲ್ದ ಯಾವುದರ ನಿಂತೈತೇನು? ದೊಡ್ಡ ಗಿರಾಕಿ ಬರ್ತಾನಂದಿ, ಬಿರೀಬಾರದು ಅಂತ ಹಾಕಿದೆ."

"ಇದು ನೂಲಲ್ಲ ಯವ್ವಾ! ಹೊಟ್ಟು ಹಸಿ ಇದ್ರ ಕೊಳವಿಯೊಳಗ ಉಗಿ ಹುಟ್ಟತೈತಿ. ಉಗಿಗೆ ಹೊರಗ ಬರಾಕ ದಾರಿ ಇಲ್ಲಂದ್ರ ಸಿಡೀತೈತಿ. ನೂರ ಸಲ ಹೇಳೇನಿ, ಇದಕ್ಕ ಗಂಜಿ ಬ್ಯಾಡ!"

"ಸಿಡೀತಂದ್ರ ಅದು ಮಷೀನಿನ ದೋಷ. ಮೂರ ತಲಿ ನೇಯ್ದ್ವಿ, ನಮ್ಮ ಮಗ್ಗ ಎಂದರ ಸಿಡದೈತೇನು?"

ಓಣಿಯವರು ಹೌದೌದೆಂದು ತಲೆಯಾಡಿಸಿದರು. ಸಿಟ್ಟು ನೆತ್ತಿಗೇರಿದ ಮನೋಹರ, "ಈ ರಾಡಿ ಎಲ್ಲಾ ಒಯ್ದು ಚೆಲ್ಲು! ನನ್ನ ಕಣ್ಣಿಗೆ ಬೀಳಬಾರದು!" ಎಂದು ಒದರಿದ. ಅಂಬವ್ವ ಬುಟ್ಟಿ ತುಂಬಿಕೊಂಡು ಹಿತ್ತಲಿಗೆ ನಡೆದಳು. ಓಣಿಯ ಒಬ್ಬ ಹಿರಿಯರು, "ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟ ಅಂದಂಗಾತು" ಎಂದು ಹೇಳಿ ಸಭೆ ಮುಗಿಸಿದರು.

ಗಂಟೆ ಹನ್ನೊಂದು. ಒಣ ಹೊಟ್ಟು ಒಂದು ಹಿಡಿಯೂ ಉಳಿದಿರಲಿಲ್ಲ. ಮನೋಹರ ಸ್ಕೂಟರ್ ಹತ್ತಿ ಗದಗಿನಲ್ಲಿದ್ದ ಇಜಾಜನ ಸಾಮಿಲ್ಲಿಗೆ ಓಡಿದ.

ಇಜಾಜ ಹಸಿ ಬೇವಿನ ದಿಮ್ಮಿ ಕೊಯ್ಯಿಸುತ್ತಿದ್ದ. ಗರಗಸದ ಕೆಳಗೆ ಬೀಳುತ್ತಿದ್ದ ಹೊಟ್ಟನ್ನು ಹಿಂಡಿದರೆ ನೀರು ಬರುವಂತಿತ್ತು.

"ಒಣಾದ್ದು ಬೇಕಂದ್ರ ಹಿಂದಿನ ಶೆಡ್ಡಿನ್ಯಾಗ ಎರಡ ಚೀಲ ಬಿದ್ದಾವ ನೋಡು, ಹೋದ ವರ್ಷದ ಸಾಗವಾನಿದು" ಎಂದ ಇಜಾಜ. "ನಿನ್ನ ಮಷೀನು ನಿಲ್ಲಬಾರದಪಾ ದೋಸ್ತ. ನೀ ಒಯ್ಯಲಿಲ್ಲಂದ್ರ ಈ ಗುಡ್ಡಿ ನನ್ನ ಆಫೀಸಿನ ಕಿಟಕಿ ಮುಚ್ಚತೈತಿ. ತಡಿ, ಚೀಲಾ ನಾನ ಕಟ್ತೀನಿ."

ಇಜಾಜ ಪ್ರೀತಿಯಿಂದ ಕಟ್ಟಿದ. ಒಂದನ್ನು ಸ್ಕೂಟರಿನ ಮುಂದೆ ನಿಲ್ಲಿಸಿದ, ಇನ್ನೊಂದನ್ನು ಹಿಂದಿನ ಸೀಟಿಗೆ ಬಿಗಿದ. ಬಿಗಿದದ್ದು ಚೀಲದ ಹೊಟ್ಟೆಯನ್ನು. ಬಾಯಿ ಕಟ್ಟುವುದನ್ನು ಇಬ್ಬರೂ ಮರೆತರು.

ಗದಗಿನ ಗಾಳಿ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಭೀಷ್ಮ ಕೆರೆಯ ಹತ್ತಿರ ಹಿಂದಿನಿಂದ ಒಬ್ಬರು ಹಾರ್ನ್ ಬಾರಿಸಿದರು. ದಾರಿ ಬೇಕೇನೋ ಎಂದು ಮನೋಹರ ಬದಿಗೆ ಸರಿದ. ಅವರೂ ಬದಿಗೆ ಸರಿದು ಇನ್ನೂ ಜೋರಾಗಿ ಬಾರಿಸಿದರು. ತುರ್ತಿನಲ್ಲಿದ್ದ ಮನೋಹರ ವೇಗ ಹೆಚ್ಚಿಸಿದ. ಬೆಟಗೇರಿ ಮುಟ್ಟುವ ಹೊತ್ತಿಗೆ ಹಾರ್ನುಗಳು ನಾಲ್ಕಾಗಿದ್ದವು. ಕೊನೆಗೆ ಒಂದು ಬೈಕು ಅಡ್ಡ ಬಂದು ನಿಂತಿತು. ಅದರ ಮೇಲಿದ್ದವರ ಮುಖ, ಮೀಸೆ, ಬಿಳಿ ಅಂಗಿ ಎಲ್ಲ ಒಂದೇ ಬಣ್ಣಕ್ಕೆ ತಿರುಗಿದ್ದವು. ಕಣ್ಣು ಮಾತ್ರ ಕೆಂಪಗಿದ್ದವು.

"ಏನಪಾ, ನನಗ ಅರಿಷಿಣ ಹಚ್ಚಿ ಇನ್ನೊಂದ ಮದುವಿ ಮಾಡಾವದೀಯೇನು?"

ಮನೋಹರ ತಿರುಗಿ ನೋಡಿದ. ಹಿಂದಿನ ಚೀಲ ಖಾಲಿಯಾಗಿ ಧ್ವಜದಂತೆ ಹಾರುತ್ತಿತ್ತು. ಅವರ ಅಂಗಿ ಜಾಡಿಸಿ, ಕ್ಷಮೆ ಕೇಳಿ, ಹಿಂದೆ ಸಾಲುಗಟ್ಟಿದ್ದ ಇನ್ನೂ ಮೂವರ ಬಯ್ಗುಳ ಸ್ವೀಕರಿಸಿ ಮನೆ ಸೇರುವಾಗ ಒಂದೂವರೆ. ಉಳಿದದ್ದು ಒಂದೇ ಚೀಲ. ಹತ್ತು ಹನ್ನೆರಡು ತುಂಡಿಗೆ ಸಾಕು. ತೋರಿಸಲು ಅಷ್ಟಾದರೂ ಆಯಿತಲ್ಲ ಎಂದು ಮನೋಹರ ಸಮಾಧಾನಪಟ್ಟುಕೊಂಡ. ಜರಡಿ ಹಿಡಿದ. ಮಷೀನಿನ ಬಾಯಿ, ತಿರುಪು, ಕೊಳವೆಯನ್ನು ಗಂಜಿಯ ಗುರುತಿಲ್ಲದಂತೆ ಕೆರೆದು ತೊಳೆದು ಒರೆಸಿದ. ಮೂರು ಗಂಟೆಗೆ ಕೊಳವೆ ಮತ್ತೆ ಕಾಯತೊಡಗಿತು.

ಇಷ್ಟರಲ್ಲಿ ಕಳಕೇಶನಿಗೆ ಬೆಳಗಿನ ಅವಮಾನ ತಡೆಯದಾಗಿತ್ತು. ವೋಲ್ಟೇಜಿನದೇ ತಪ್ಪೆಂದು ಸಾಬೀತು ಮಾಡಲೇಬೇಕು. ಮನೋಹರನಿಗೆ ಉಪಕಾರವೂ ಆದಂತಾಯಿತು. ಮೂರೂ ಮುಕ್ಕಾಲಿಗೆ ಅವನು ಓಣಿಯ ಮೂಲೆಯ ಕಂಬದ ಪೆಟ್ಟಿಗೆ ತೆರೆದು, ಸಡಿಲಾಗಿದೆ ಎಂದು ತನಗೆ ಅನ್ನಿಸಿದ ಫ್ಯೂಜನ್ನು ಬಿಗಿ ಮಾಡಿದ. ಚಟ್ ಎಂದಿತು. ಇಡೀ ಓಣಿಯ ಫ್ಯಾನು, ಕೂಲರ್, ಗಿರಣಿ ಒಂದೇ ಸಲ ನಿಂತವು. ಮನೋಹರನ ಕೊಳವೆಯೂ ತಣ್ಣಗಾಗತೊಡಗಿತು.

"ಏನೂ ಆಗಿಲ್ಲ, ಒಂದೈದ ಮಿನಿಟು" ಎಂದ ಕಳಕೇಶ, ಕೈಯಲ್ಲಿ ಮುರಿದ ಫ್ಯೂಜು ಹಿಡಿದುಕೊಂಡು.

ಆ ಐದು ಮಿನಿಟಿನಲ್ಲೇ ಆಟೋ ಬಂದು ನಿಂತಿತು. ಬಿಳಿ ಧೋತರ, ಕೈಯಲ್ಲಿ ಚೀಲ, ಹಣೆಯ ಮೇಲೆ ವಿಭೂತಿಯನ್ನೂ ಮೀರಿ ಹರಿಯುತ್ತಿದ್ದ ಬೆವರು. ಚನ್ನಬಸವಣ್ಣ ಬಂದಿದ್ದ, ಹೇಳಿದ್ದಕ್ಕಿಂತ ಹತ್ತು ಮಿನಿಟು ಮುಂಚೆ.

"ಬರ್ರಿ ಅಣ್ಣಾರ, ಕುಂಡ್ರಿ. ಒಂದೀಟು ಕರೆಂಟು ಹೋಗೇತ್ರಿ, ಇನ್ನೇನ ಬಂದಬಿಡ್ತೈತಿ."

"ನೋಡೂಣು, ಬರ್ಲಿ" ಎಂದ ಚನ್ನಬಸವಣ್ಣ, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ. "ಐದೂವರಿಗೆ ನನ್ನ ಬಸ್ಸೈತ್ರಿ ಮತ್ತ."

ಮನೋಹರ ಅಡುಗೆಮನೆಗೆ ಓಡಿದ. "ರೋಹಿಣಿ, ಕಾಲ ಹಿಡಿತೀನಿ, ಹೆಂಗರ ಮಾಡಿ ಅವರನ್ನ ಒಂದ ತಾಸು ಕುಂದ್ರಸು."

"ಫ್ಯಾನಿಲ್ದ ಪಡಸಾಲ್ಯಾಗ ಕುಂತ್ರ ಬೆಂದು ಹೋಗ್ತಾರ್ರಿ ಪಾಪ. ಹಿತ್ತಲದಾಗ ಬೇವಿನ ನೆಳ್ಳೈತಿ, ಅತ್ತ್ಯಾರೂ ಅಲ್ಲೇ ಅದಾರ. ಅಲ್ಲಿ ಕರಕೊಂಡ ಹೋಗ್ತೀನಿ. ನೀವು ಮಷೀನಿನ ಕಡೆ ನೋಡ್ರಿ."

ಹಿಂದಿನ ಬಾಗಿಲಿನಿಂದ ಚನ್ನಬಸವಣ್ಣ ಹಿತ್ತಲಿಗೆ ಹೋದ. ಮನೋಹರ ಮುಂದಿನ ಬಾಗಿಲಿನಿಂದ ಕಂಬಕ್ಕೆ ಓಡಿದ. ಕಚೇರಿಗೆ ಆರು ಸಲ ಫೋನು ಮಾಡಿದ ಮೇಲೆ ನೌಕರಿಯಲ್ಲಿದ್ದ ಲೈನ್‌ಮನ್ ಬಂದು, ಕಳಕೇಶನ ಮುಖವನ್ನೊಮ್ಮೆ ನೋಡಿ, "ಮತ್ತ ನೀವರೀ?" ಎಂದು ಬೇರೆ ಫ್ಯೂಜು ಹಾಕಿದ. ಕರೆಂಟು ಬಂದಾಗ ನಾಲ್ಕು ಇಪ್ಪತ್ತು. ಕೊಳವೆ ಕಾಯಲು ಮತ್ತೆ ಮೂವತ್ತೈದು ಮಿನಿಟು. ಮನೋಹರ ಕಾವಿನ ಮುಳ್ಳನ್ನೇ ನೋಡುತ್ತ, ಮನೆದೇವರನ್ನು ನೆನೆಯುತ್ತ, ಬೆವರೊರೆಸಿಕೊಳ್ಳುತ್ತ ನಿಂತ.

ಐದಕ್ಕೆ ಐದು ಮಿನಿಟಿರುವಾಗ ಸ್ವಿಚ್ ಒತ್ತಿ, ಎರಡೂ ಕಿವಿ ಮುಚ್ಚಿಕೊಂಡು ಬದಿಗೆ ಸರಿದ. ಢಂ ಎನ್ನಲಿಲ್ಲ. ಕೊಳವೆಯ ಬಾಯಿಂದ ಕಂದು ಬಣ್ಣದ, ಎಣ್ಣೆ ಸವರಿದಂತೆ ಹೊಳೆಯುವ ದುಂಡನೆಯ ತುಂಡೊಂದು ಸಾವಕಾಶ ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಬಿರುಕಿಲ್ಲ, ಉದುರಿಲ್ಲ. ಒಂದು ವರ್ಷದಲ್ಲಿ ಇಷ್ಟು ಚೆಂದದ ಮಾಲು ಅವನ ಮಷೀನಿನಿಂದ ಬಂದಿರಲಿಲ್ಲ. ಚೀಲ ಮುಗಿಯುವಾಗ ಹನ್ನೆರಡು ತುಂಡುಗಳಾಗಿದ್ದವು. ಅವನ್ನು ದೊಡ್ಡ ಪರಾತದಲ್ಲಿ ಒಪ್ಪವಾಗಿ ಜೋಡಿಸುವಾಗ ಮನೋಹರನ ಕಣ್ಣಲ್ಲಿ ನೀರಾಡಿತು. ಮಷೀನಿನ ಹಸಿರು ಮೈಯನ್ನು ಒಮ್ಮೆ ಸವರಿ, "ಗೆದ್ದಿ ನೋಡಲೇ" ಎಂದ.

ಪರಾತ ಎತ್ತಿಕೊಂಡು ಅವನು ಹಿತ್ತಲಿಗೆ ಬಂದಾಗ ಚನ್ನಬಸವಣ್ಣ ಬೇವಿನ ಕೆಳಗೆ ಹೊರಸಿನ ಮೇಲೆ ಕಾಲು ಮಡಚಿ ಕೂತು ಮೂರನೇ ಸಲ ಚಹಾ ಕುಡಿಯುತ್ತಿದ್ದ. ಮುಖ ಅರಳಿತ್ತು.

"ಬರ್ರಿ ಮನೋಹರ, ಬರ್ರಿ! ಮಾಲು ಅಂದ್ರ ನಿಮ್ಮ ಮನಿದು ನೋಡ್ರಿ! ಏನ ಉರಿ, ಏನ ಉರಿ! ಒಂದ ಕಡ್ಡಿಗೆ ಹತ್ತಿಬಿಡ್ತು. ವರ್ಷದ ಮಾತು ಪಕ್ಕಾ. ಹುಬ್ಬಳ್ಳಿಯಾಂವಗ ಈಗಷ್ಟ ಬ್ಯಾಡ ಅಂತ ಫೋನ್ ಮಾಡಿದೆ."

ಮನೋಹರ ಹಿಗ್ಗಿ ಪರಾತವನ್ನು ಇನ್ನೂ ಮೇಲಕ್ಕೆತ್ತಿದ. ಮಾತು ಮಾತ್ರ ಅನುಮಾನವಾಗಿ ಹೊರಟಿತು.

"ಅಣ್ಣಾರ, ಇನ್ನೂ ಹಚ್ಚೇ ಇಲ್ಲಲ್ರಿ. ಇವು ಈಗಷ್ಟ ಹೊರಗ ಬಂದಾವ, ಮುಟ್ಟಿ ನೋಡ್ರಿ, ಬಿಸಿ ಅದಾವ."

ಚನ್ನಬಸವಣ್ಣ ಪರಾತದೊಳಗೆ ಬಗ್ಗಿ ನೋಡಿದ. "ಇವು ಯಾವುವ್ರಿ?"

ಆಗ ಮನೋಹರ ಸುತ್ತ ನೋಡಿದ. ಬಚ್ಚಲಿನ ತಗಡಿನ ಮೇಲೆ, ಕಟ್ಟೆಯ ಮೇಲೆ, ಗೋಡೆಯಾಚೆ ಮಾಳವ್ವನ ಸಂಡಿಗೆಯ ತಗಡಿನ ಮೇಲೆ, ಎಲ್ಲೆಲ್ಲೂ ಅಂಗೈ ಗುರುತಿದ್ದ ತೆಳ್ಳನೆಯ ಬಿಲ್ಲೆಗಳು, ಜೋಳದ ರೊಟ್ಟಿ ಒಣಹಾಕಿದಂತೆ. ಬೇವಿನ ಬದಿಯ ಗಂಜಿ ಒಲೆಯಲ್ಲಿ ಅಂಥವೇ ನಾಲ್ಕು ಬಿಲ್ಲೆಗಳು ಹೊಗೆಯಿಲ್ಲದೆ ಉರಿಯುತ್ತಿದ್ದವು. ಅಂಬವ್ವ ಒಲೆಯ ಮುಂದೆ ಕೂತಿದ್ದಳು. ಅವಳ ಪಕ್ಕದಲ್ಲಿ ಮಾಳವ್ವ.

"ಚೆಲ್ಲು ಅಂದಿ" ಎಂದಳು ಅಂಬವ್ವ. "ಜ್ವಾಳದ ಗಂಜಿ ಕೂಡಿದ್ದನ್ನ ಮಣ್ಣಿಗೆ ಚೆಲ್ಲಾಕ ಕೈ ಬರ್ಲಿಲ್ಲ. ಇನ್ನೊಂದೀಟು ಗಂಜಿ ಕಾಸಿ ಹಾಕಿ, ರೊಟ್ಟಿ ಬಡದಂಗ ಬಡದು ಬಿಸಲಿಗೆ ಇಟ್ವಿ. ಈ ಬಿಸಲಿಗೇನು, ಮೂರಕ್ಕನ ಕಟಕಟಿ ಆಗಿದ್ವು. ಇವರಿಗೆ ಚಾ ಕಾಸಾಕ ಹಚ್ಚಿದೆ."

"ನೋಡ್ರಿ ಮನೋಹರ," ಚನ್ನಬಸವಣ್ಣ ತಿಳಿಸಿ ಹೇಳಿದ, "ನಮ್ಮ ಭಟ್ಟಿ ಬಾಯಿ ಗೇಣ ಅಗಲ. ನಿಮ್ಮ ಈ ಒನಕಿ ತುಂಡು ಗಟ್ಟಿ ಅದಾವ, ಇಲ್ಲನ್ನಂಗಿಲ್ಲ. ಆದ್ರ ಕೊಡ್ಲಿ ತಗೊಂಡು ಒಡದು ಹಾಕಬೇಕು, ಹತ್ತಾಕ ಹೊತ್ತ ಬೇಕು. ಇವಾದ್ರ ಕುಂತಲ್ಲಿಂದನ ಒಗದ್ರ ಆತು. ಮ್ಯಾಲ ಕರೆಂಟಿನ ಗೊಡವಿನ ಇಲ್ಲ."

"ನಾ ಮುಂಜಾನಿಂದ ಹೇಳಾಕತ್ತೇನಿ, ಎಲ್ಲಾ ಕರೆಂಟಿನ ದೋಷ" ಎಂದಿತು ಗೋಡೆಯ ಆಚೆಯಿಂದ ಕಳಕೇಶನ ತಲೆ.

ಮನೋಹರ ಕೊನೆಯ ಅಸ್ತ್ರ ಬಿಟ್ಟ. "ಮಳಿಗಾಲದಾಗ ಇವನ್ನ ಎಲ್ಲಿ ಒಣಗಸ್ತಿ ಯವ್ವಾ?"

"ಅದನ್ನ ಆಗಲೆ ಇವರ ಕೂಡ ಮಾತಾಡೇನಿ. ಮಗ್ಗದ ಖೋಲ್ಯಾಗ ಹಲಗಿ ಹೊಡದು ಒಣಗಸ್ತೀವಿ."

"ಅಲ್ಲಿ ಮಷೀನು ಐತಿ!"

"ಐತಿ. ತಗದ್ರ ಇರೂದಿಲ್ಲ."

"ಕಾಯಂ ಗಿರಾಕಿ ಸಿಕ್ರ ಮಷೀನು ಇರ್ಲಿ ಅಂದಿದ್ದೆಲ್ಲ ಯವ್ವಾ, ಸಿಕ್ಕಾರಲ್ಲ?"

"ಸಿಕ್ಕಾರ" ಎಂದಳು ಅಂಬವ್ವ. "ಅವರು ನನ್ನ ಗಿರಾಕಿ."

ಚನ್ನಬಸವಣ್ಣ ಬಸ್ಸಿಗೆ ಹೊತ್ತಾಯಿತೆಂದು ಎದ್ದು, ಅಂಬವ್ವನಿಗೆ ಕೈ ಮುಗಿದು, ಯುಗಾದಿಯ ಮರುದಿನವೇ ಟೆಂಪೋ ಕಳಿಸುವುದಾಗಿ ಹೇಳಿ ಹೊರಟ. ಮಾಳವ್ವ ನಾಳೆ ಓಣಿಯ ಯಾವ ಯಾವ ಹೆಂಗಸರನ್ನು ಕರೆಯಬೇಕೆಂದು ಬೆರಳು ಮಡಚತೊಡಗಿದಳು. ಮನೋಹರ ಮಾತ್ರ ಪರಾತ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದ.

ಅಂಬವ್ವ ಅವನ ಮುಖ ನೋಡಿದಳು. ಎದ್ದು ಬಂದು ಪರಾತದಿಂದ ಒಂದು ತುಂಡು ಎತ್ತಿದಳು. ಕೈಯಲ್ಲಿ ತೂಗಿದಳು, ಉಗುರಿನಿಂದ ಕೆರೆದಳು, ಬೆರಳಿನಿಂದ ಬಾರಿಸಿ ಕಿವಿಗೆ ಹಿಡಿದಳು. ಒಂದು ವರ್ಷದಲ್ಲಿ ಅವಳು ಮಗನ ಮಾಲನ್ನು ಕೈಯಲ್ಲಿ ಹಿಡಿದದ್ದು ಇದೇ ಮೊದಲು.

"ಛಲೋ ಆಗ್ಯಾವೋ ಮನೋಹರಾ" ಎಂದಳು. "ಖರೇನ ಭಾಳ ಛಲೋ ಆಗ್ಯಾವ."

ಮನೋಹರ ತಲೆಯೆತ್ತಿದ. ಮುಖದಲ್ಲಿ ಸಣ್ಣ ಆಸೆ ಮೂಡಿತು.

"ಆ ಒಲಿ ಬಾಜೂಕ ಇಡು" ಎಂದಳು ಅಂಬವ್ವ. "ನಾಳೆ ಎಂಟ ಬೋಗಾಣಿ ಗಂಜಿ ಕುದಸೂದೈತಿ. ಗಿರಾಕಿ ಮಾಲು ಮನಿ ಒಲಿಗೆ ಹಾಕಾಕ ಬರೂದಿಲ್ಲ."